ನಿಮಗಿದು ಗೊತ್ತೆ? ಅಪ್‌ಡೇಟ್ ಮಾಡಿದರೂ ಮುಚ್ಚದ ತೂತು

2014ರ ಏಪ್ರಿಲ್ 7ರಂದು, ಜಾಲಸಂಪರ್ಕವನ್ನು ಗೂಢಲಿಪಿಯಿಂದ ಕಾಪಾಡುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಸರ್ವರ್‌ನ ಮೆಮೊರಿಯಿಂದ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಮಾಹಿತಿ ಕದಿಯಲು ಸಾಧ್ಯವಿತ್ತು. ಪಾಸ್‌ವರ್ಡ್, ಗುಪ್ತ ಕೀಲಿಗಳೂ ಅದರಲ್ಲಿ ಸೋರಿಹೋಗಬಹುದಿತ್ತು. ಡೆಬಿಯನ್ 7 ಲಿನಕ್ಸ್ ಬಳಸುತ್ತಿದ್ದವರಿಗೆ ಅಂದೇ ಪರಿಹಾರ ಬಂತು: ಅದರ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್ ಮೂಲಕ ಅಪ್‌ಡೇಟ್ ಮಾಡಿ, ಸರ್ವರ್ ಮರುಚಾಲನೆ ಮಾಡಿದರೆ ತೂತು ಮುಚ್ಚುತ್ತಿತ್ತು.

ಆದರೆ ಎಂಜಿನ್‌ಎಕ್ಸ್ ವೆಬ್ ಸರ್ವರನ್ನು ಮೂಲ ಕೋಡ್‌ನಿಂದ ಕಟ್ಟುವಾಗ ಓಪನ್‌ಎಸ್‌ಎಸ್‌ಎಲ್ ಕೋಡನ್ನೂ ಅದರೊಳಗೇ ಬೆಸೆದಿದ್ದವರಿಗೆ ಈ ಅಪ್‌ಡೇಟ್‌ನಿಂದ ಏನೂ ಪ್ರಯೋಜನವಿರಲಿಲ್ಲ. ಹಾಗೆ ಕಟ್ಟಿದ ಎಂಜಿನ್‌ಎಕ್ಸ್, ಬೇರೆ ಜಾಗ ಸೂಚಿಸದಿದ್ದರೆ, ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಫೋಲ್ಡರಿನಲ್ಲಿ ಕೂರುತ್ತದೆ. ಪ್ಯಾಕೇಜ್ ಮ್ಯಾನೇಜರ್‌ನ ಲೆಕ್ಕದಲ್ಲಿ ಅದರ ಹೆಸರೇ ಇರುವುದಿಲ್ಲ! ದೋಷ ಸರಿಪಡಿಸಿದ ಓಪನ್‌ಎಸ್‌ಎಸ್‌ಎಲ್ 1.0.1ಜಿ ಕೋಡ್ ತಂದು ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಲ್ಲವನ್ನೂ ಮತ್ತೆ ಮಾಡಬೇಕಿತ್ತು. ತಮಗೆ ಬೇಕಾದ ಮಾಡ್ಯೂಲ್ ಸೇರಿಸಿಕೊಳ್ಳಲು ಮೂಲ ಕೋಡ್ ಒಳ್ಳೆಯ ದಾರಿಯೇ, ಆದರೆ ಭದ್ರತಾ ಪ್ರಕಟಣೆಗಳ ಮೇಲೆ ಕಣ್ಣಿಡುವ ಹೊಣೆಯೂ ಕಟ್ಟಿದವರ ಹೆಗಲಿಗೇ ಬೀಳುತ್ತದೆ.

ಇನ್ನೊಂದು ಸ್ವಾರಸ್ಯ: ಡೆಬಿಯನ್ 7 ಓಪನ್‌ಎಸ್‌ಎಸ್‌ಎಲ್‌ನ ಈ ಹೊಸ ಆವೃತ್ತಿಗೆ ಹೋಗಲೇ ಇಲ್ಲ. ಹಳೆಯ 1.0.1ಇ ಆವೃತ್ತಿಗೇ ತೇಪೆ ಹಾಕಿ, ಪ್ಯಾಕೇಜ್ ಸಂಖ್ಯೆಯ ಕೊನೆಗೆ ‘ಡೆಬ್7ಯು5’ ಎಂದು ಸೇರಿಸಿತು. ಮೊದಲ ಭಾಗವನ್ನಷ್ಟೇ ನೋಡಿದರೆ ದೋಷ ಹಾಗೇ ಉಳಿದಿದೆ ಎಂದೇ ಅನ್ನಿಸುತ್ತದೆ.