ಮೊದಲು ಕೋಣೆ, ಆಮೇಲೆ ಮೈಕು

ನಾನು ಮನೆಯಲ್ಲಿ ಮೊದಲ ಸಲ ರೆಕಾರ್ಡ್ ಮಾಡಿಕೊಂಡ ಯಮನ್ ಆಲಾಪದಲ್ಲಿ, ಮಂದ್ರ ನಿಷಾದದ ಮೇಲೆ ಪಕ್ಕದ ಮನೆಯ ಕುಕ್ಕರ್ ಸೀಟಿ ಕೇಳುತ್ತದೆ. ಜೊತೆಗೆ ಫ್ಯಾನಿನ ಸದ್ದು, ಓಣಿಯಲ್ಲಿ ಹೋದ ಆಟೊ, ಗೋಡೆಗೆ ಬಡಿದು ತಿರುಗಿ ಬಂದ ನನ್ನದೇ ದನಿ. ಧಾರವಾಡದ ನಮ್ಮ ಹಳೇ ಮನೆಯ ಆ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಕೆಳಗೆ ಶಹಾಬಾದಿ ಫರಸಿ, ಮೂಲೆಯಲ್ಲಿ ಕಬ್ಬಿಣದ ಕಪಾಟು. ಸ್ಟುಡಿಯೊಕ್ಕೆ ಇದೇ ಬೇಕು ಎಂದು ಅಂಗಡಿಯವರು ಕಂಡೆನ್ಸರ್ ಮೈಕ್ ಕೊಟ್ಟಿದ್ದರು. ಕೋಣೆ ಹೇಗಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಂಡೆನ್ಸರ್ ಕೆಟ್ಟ ಮೈಕಲ್ಲ. ಅದರೊಳಗಿನ ಪೊರೆ ತೀರ ತೆಳು. ಉಸಿರಿನ ಸೂಕ್ಷ್ಮವನ್ನೂ ಹಿಡಿಯುತ್ತದೆ. ಅದಕ್ಕೆ 48 ವೋಲ್ಟ್ ವಿದ್ಯುತ್ತನ್ನು ಹೊರಗಿನಿಂದ ಕೊಡಬೇಕು. ಆದರೆ ಕೋಣೆಯ ದೋಷವನ್ನೂ ಅದು ಅಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ. ಡೈನಾಮಿಕ್ ಮೈಕಿನಲ್ಲಿ ಪೊರೆಗೆ ತಂತಿಯ ಸುರುಳಿ ಅಂಟಿಕೊಂಡು ಅಯಸ್ಕಾಂತದ ನಡುವೆ ಅಲುಗುತ್ತದೆ. ಹೊರಗಿನಿಂದ ವಿದ್ಯುತ್ ಬೇಕಿಲ್ಲ. ಬಾಯಿಯ ಹತ್ತಿರ ಇಟ್ಟುಕೊಂಡು ಹಾಡಲು ಅದು ಸಲೀಸು. ಈ ಹತ್ತಿರವೇ ಮುಖ್ಯ. ಮೈಕಿನ ದೂರ ಅರ್ಧಕ್ಕೆ ಇಳಿದರೆ ನಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಓಣಿಯ ಸದ್ದು ಇದ್ದಷ್ಟೇ ಇರುತ್ತದೆ. 1966ರಿಂದ ವೇದಿಕೆಗಳ ಮೇಲಿರುವ ಶೂರ್ ಎಸ್‌ಎಂ58 ಇಂಥದ್ದೇ ಮೈಕು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ ಆಲ್ಬಮ್ಮನ್ನು ತಾನಿದ್ದ ಬಾಡಿಗೆ ಮನೆಯಲ್ಲಿ, ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮೇಲೆ, ಇದೇ ಬಳಗದ ಎರಡು ಎಸ್‌ಎಂ57 ಮೈಕುಗಳಲ್ಲಿ ಮುದ್ರಿಸಿಕೊಂಡರು.

ನನ್ನ ಕೋಣೆಯನ್ನು ಸರಿಮಾಡಿದ್ದು ಅಜ್ಜಿ ಹೊಲಿದ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಎರಡು ಕೌದಿಗಳನ್ನು ನನ್ನ ಬೆನ್ನ ಹಿಂದೆ ಮತ್ತು ಎಡಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ಇಳಿಬಿಟ್ಟೆ. ಫರಸಿಯ ಮೇಲೆ ಜಮಖಾನ, ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ ಗಾದಿ. ಚಪ್ಪಾಳೆ ತಟ್ಟಿದರೆ ಮೊದಲು ಕೇಳುತ್ತಿದ್ದ ‘ಟಿಂಯ್’ ಎನ್ನುವ ಮರುದನಿ ಹೋಯಿತು. ಕೌದಿಯಾಗಲಿ, ಅಂಗಡಿಯ ಫೋಮ್ ಹಾಳೆಯಾಗಲಿ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಒಳಗಿನ ಮರುದನಿಯನ್ನಷ್ಟೇ ಹೀರುತ್ತವೆ. ಸದ್ದು ತಡೆಯಲು ದಪ್ಪ ಗೋಡೆ, ಸಂದಿಲ್ಲದ ಬಾಗಿಲು ಬೇಕು. ಅದಿಲ್ಲದವರಿಗೆ ಬೆಳಗಿನ ಐದು ಗಂಟೆ ಇದೆ. ನಮ್ಮ ರಿಯಾಜಿನ ಹೊತ್ತೂ ಅದೇ ಅಲ್ಲವೇ?

ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆಯೇ ಆಡಿಯೊ ಇಂಟರ್‌ಫೇಸ್. ಎರಡು ಮೈಕ್ ಹಾಕಲು ಬರುವಂಥದ್ದನ್ನೇ ತಗೊಳ್ಳಿ. ಇಂದು ಒಬ್ಬರೇ ಹಾಡಿದರೂ ನಾಳೆ ತಬಲಾದವರು ಬಂದು ಕೂಡುತ್ತಾರೆ. ನೇರ ಯುಎಸ್‌ಬಿ ಮೈಕ್ ಕೊಂಡವರಿಗೆ ಆಗ ತೊಡಕಾಗುತ್ತದೆ. ಡೈನಾಮಿಕ್ ಮೈಕಿನ ಸಿಗ್ನಲ್ ಸಣ್ಣದು, ಹಾಗಾಗಿ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಗುಂಡಿ, ಏರಿಸಿದಾಗ ಇಂಟರ್‌ಫೇಸ್ ಗುಸುಗುಡುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ ನೋಡಿ.

ಗೇನ್ ಹೊಂದಿಸುವುದು ಖಯಾಲ್ ಹಾಡುವವರಿಗೆ ಕಷ್ಟದ ಕೆಲಸ. ಮಂದ್ರದಲ್ಲಿ ಪಿಸುನುಡಿಯಷ್ಟಿದ್ದ ದನಿ ತಾರ ಸಪ್ತಕದಲ್ಲಿ ಸಿಡಿಯುತ್ತದೆ. ನಾನು ತಾರ ಷಡ್ಜದ ಮೇಲೆ ಪೂರ್ತಿ ದನಿಯಲ್ಲಿ ನಿಂತು, ಮೀಟರು ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಗುಂಡಿ ತಿರುಗಿಸುತ್ತೇನೆ. ಸೊನ್ನೆ ದಾಟಿ ಒಡೆದ ಸ್ವರವನ್ನು ಆಮೇಲೆ ಕೂಡಿಸಲಾಗದು. ಸಣ್ಣಗಿದ್ದುದನ್ನು 24 ಬಿಟ್ ರೆಕಾರ್ಡಿಂಗಿನಲ್ಲಿ ಧಾರಾಳವಾಗಿ ಎತ್ತಬಹುದು.

ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದೇ ಇರಲಿ. ತಂಬೂರಿಯ ಶ್ರುತಿ ಅದರೊಳಗಷ್ಟೇ ಕೇಳುತ್ತಿದ್ದರೆ ಮೈಕಿಗೆ ಶುದ್ಧ ದನಿ ಸಿಗುತ್ತದೆ, ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಇಡಬಹುದು. ಸ್ಪೀಕರಿನ ಗೊಡವೆ ಸದ್ಯಕ್ಕೆ ಬೇಡ. ಸಣ್ಣ ಕೋಣೆಯಲ್ಲಿ ಮಂದ್ರದ ಸ್ವರಗಳು ಮೂಲೆ ಸೇರಿ ಉಬ್ಬುತ್ತವೆ, ಕಿವಿ ಮೋಸ ಹೋಗುತ್ತದೆ. ಸಾಫ್ಟ್‌ವೇರಿಗೂ ಮೊದಲ ವರ್ಷ ದುಡ್ಡು ಹಾಕಬೇಡಿ. ಅಡಾಸಿಟಿ ಉಚಿತವಾಗಿಯೇ ಸಿಗುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ನೀವು ಹಾಡಲಿರುವ ಕೋಣೆಯಲ್ಲಿ, ಹಾಡಲಿರುವ ಹೊತ್ತಿನಲ್ಲೇ ಫ್ಯಾನ್ ಆರಿಸಿ, ಮೊಬೈಲಿನ ರೆಕಾರ್ಡರ್ ಒತ್ತಿ ಎರಡು ನಿಮಿಷ ಸುಮ್ಮನೆ ಕೂಡಿ. ಬಳಿಕ ಅದನ್ನು ಹೆಡ್‌ಫೋನಿನಲ್ಲಿ ಕೇಳಿ, ಕೇಳಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯವರಿಗೆ ಮೊದಲು ಆ ಚೀಟಿ ತೋರಿಸಿ.