ಏರು ಹತ್ತುವ ಗಾಡಿಗೆ ಎಂಥ ಟಾರ್ಕ್ ಕನ್ವರ್ಟರ್?

ಕಾಫಿ ತೋಟದ ಯಜಮಾನರಾದ ನನ್ನ ಹಳೆಯ ಸ್ನೇಹಿತರೊಬ್ಬರು ಮಳೆಗಾಲದ ಒಂದು ರಾತ್ರಿ, ಹೆರಿಗೆ ನೋವು ತಿನ್ನುತ್ತಿದ್ದ ಆಳುಮಗಳನ್ನು ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ತಾನಾಗಿ ಗೇರು ಬದಲಿಸಿಕೊಳ್ಳುವ ಗಾಡಿ ಅದು. ಏರಿನ ನಡುವೆ ಎಂಜಿನ್ ಅಬ್ಬರಿಸಿತೇ ಹೊರತು ಗಾಡಿ ಮುಂದೆ ಸರಿಯಲಿಲ್ಲ. ಕೊನೆಗೆ ಆಕೆಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಸಾಗಿಸಬೇಕಾಯಿತು. ದೈವಕೃಪೆಯಿಂದ ತಾಯಿ ಮಗು ಉಳಿದರು. ಮರುದಿನ ನಾನು ಹೋಗಿ ನೋಡಿದರೆ ಗೇರುಪೆಟ್ಟಿಗೆಯ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತಿತ್ತು. ಯಾರದೋ ಮಾತು ಕೇಳಿ, ‘ಹೆಚ್ಚು ಜೋರಿನದು’ ಎಂದು ಅವರು ಟಾರ್ಕ್ ಕನ್ವರ್ಟರನ್ನು ಬದಲಾಯಿಸಿದ್ದರು.

ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಇರುವ, ಎಣ್ಣೆ ತುಂಬಿದ ದುಂಡು ಡಬ್ಬಿಯೇ ಈ ಕನ್ವರ್ಟರ್. ಒಳಗೆ ಮೂರು ರೆಕ್ಕೆಚಕ್ರಗಳಿವೆ. ಎಂಜಿನ್ನಿನೊಡನೆ ತಿರುಗುವ ಮೊದಲನೆಯದು ಎಣ್ಣೆಯನ್ನು ಎರಚುತ್ತದೆ. ಎದುರಿನದು ಆ ಹೊಡೆತಕ್ಕೆ ತಿರುಗುತ್ತದೆ. ನಡುವಿನದು ಮರಳುವ ಎಣ್ಣೆಯ ದಿಕ್ಕನ್ನು ತಿದ್ದಿ ಮೊದಲನೆಯದಕ್ಕೆ ನೆರವಾಗಿಸುತ್ತದೆ. ಹೀಗಾಗಿ ಹೊರಡುವ ಹೊತ್ತಿಗೆ ತಿರುಗುಬಲ ಸುಮಾರು 2 ಪಟ್ಟಾಗುತ್ತದೆ. ಜರ್ಮನಿಯ ಹೆರ್ಮಾನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗೆಂದು ರೂಪಿಸಿದ ಈ ತತ್ತ್ವ 1948ರಲ್ಲಿ ಅಮೆರಿಕದ ಬ್ಯೂಕ್ ಕಾರುಗಳಿಗೆ ಬಂತು.

ಗಾಡಿಯನ್ನು ಕದಲದಂತೆ ತಡೆದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಎಂಜಿನ್ ಮುಟ್ಟುವ ಸುತ್ತಿನ ಮಿತಿಗೆ ‘ಸ್ಟಾಲ್ ವೇಗ’ ಎನ್ನುತ್ತಾರೆ. ಆಯ್ಕೆಯ ಗುಟ್ಟೆಲ್ಲ ಇಲ್ಲಿದೆ. ಓಟದ ಕಾರಿನ ಎಂಜಿನ್ನಿಗೆ ಕಸುವು ಬರುವುದು ಮೇಲಿನ ಸುತ್ತುಗಳಲ್ಲಿ. ಅದಕ್ಕೆ ನಿಮಿಷಕ್ಕೆ 3000 ಸುತ್ತು ಮೀರಿದ ಸ್ಟಾಲ್ ಒಪ್ಪುತ್ತದೆ. ಕಲ್ಲುಕೊರಕಲಲ್ಲಿ ತೆವಳುವ ಜೀಪಿಗೆ ಅದು ಶತ್ರು. ಅಲ್ಲಿ ಎಣ್ಣೆ ಜಾರುತ್ತಲೇ ಇರುತ್ತದೆ. ಜಾರಿದ ಶಕ್ತಿಯೆಲ್ಲ ಶಾಖವಾಗುತ್ತದೆ. ಎಂಜಿನ್ 40 ಕಿಲೋವಾಟ್ ಕೊಟ್ಟು, ಅದರಲ್ಲಿ 60 ಪಾಲಷ್ಟೇ ನೂರಕ್ಕೆ ದಾಟಿತೆನ್ನಿ: ಉಳಿದ 16 ಕಿಲೋವಾಟ್, ಅಂದರೆ ಒಂದೊಂದು ಕಿಲೋವಾಟಿನ 16 ವಿದ್ಯುತ್ ಒಲೆಗಳ ಕಾವು, ಆ ಎಣ್ಣೆಯೊಳಗೇ ಉಳಿಯುತ್ತದೆ. ನಿಧಾನ ಏರಿನಲ್ಲಿ ತಣಿಸುವ ಗಾಳಿಯೂ ಇಲ್ಲ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವೂ ಸಡಿಲ.

ಹಾಗೆಂದು ತೀರ ಕಡಿಮೆ ಸ್ಟಾಲ್ ಕೂಡ ಸಲ್ಲದು. ಟರ್ಬೊ ಡೀಸೆಲ್ ಎಂಜಿನ್ ಕಸುವು ಪಡೆಯುವ ಸುತ್ತಿಗಿಂತ ಸ್ಟಾಲ್ ಕೆಳಗಿದ್ದರೆ ಗಾಡಿ ಏಳುವುದೇ ಇಲ್ಲ. ತಿರುಗುಬಲ ಚೆನ್ನಾಗಿ ಕೂಡಿಬರುವ ಸುತ್ತಿನ ಆರಂಭದಲ್ಲೇ ಸ್ಟಾಲ್ ಇರಲಿ. ದೊಡ್ಡ ಟೈರು ಹಾಕಿದವರು ಅದರ ಕೊರತೆಯನ್ನು ಆಕ್ಸಲಿನ ಹಲ್ಲುಗಾಲಿಗಳಲ್ಲಿ ತುಂಬಿಕೊಳ್ಳಬೇಕು, ಕನ್ವರ್ಟರಿನಲ್ಲಲ್ಲ. ಎಣ್ಣೆಗೆ ದೊಡ್ಡ ಕೂಲರ್ ಹಾಕಿಸಿ, ಶಾಖಮಾಪಕವೊಂದನ್ನು ಕೂಡಿಸಿ, ಕಡಿದಾದ ಏರು ಬಂದೊಡನೆ ‘ಲೋ’ ಗೇರಿಗೆ ಇಳಿಯುವುದು ಲೇಸು.

ಸ್ನೇಹಿತರು ಈಗ ಗಾಡಿಯ ಮೂಲ ಕನ್ವರ್ಟರಿಗೇ ಮರಳಿದ್ದಾರೆ. “ಅಬ್ಬರ ಕಡಿಮೆಯಾಯಿತು, ಆದರೆ ಗಾಡಿ ಮನೆ ಮುಟ್ಟಿಸುತ್ತದೆ” ಎಂದರು. ತೋಟದ ಗಾಡಿಯಿಂದ ನಾವು ಬಯಸುವುದೂ ಅಷ್ಟೇ ಅಲ್ಲವೇ?