ಗುಪ್ತಾಂಗದ ನರಹುಲಿಯೂ ಜೀವಸತ್ವಗಳೂ

ಗುಪ್ತಾಂಗದಲ್ಲಿ ನರಹುಲಿ ಎದ್ದರೆ ನಮ್ಮಲ್ಲಿ ಹಲವರು ನಾಚಿ ಮುಚ್ಚಿಡುತ್ತಾರೆ. ಕೆಲವರು ಜೀವಸತ್ವದ ಕೊರತೆಯೆಂದು ಮಾತ್ರೆ ನುಂಗುತ್ತಾರೆ. ಇದಕ್ಕೆ ಕಾರಣ ಕೊರತೆಯಲ್ಲ, ಎಚ್.ಪಿ.ವಿ. ಎಂಬ ವೈರಾಣು, ಹೆಚ್ಚಾಗಿ ಅದರ 6 ಮತ್ತು 11ನೇ ಬಗೆಗಳು. ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಆದರೆ ಮೈಯಲ್ಲಿ ತಿಂಗಳು, ವರ್ಷಗಟ್ಟಲೆ ಅಡಗಿರಬಲ್ಲದು. ಆದ್ದರಿಂದ ಗಂಡ ಹೆಂಡಿರು ಒಬ್ಬರನ್ನೊಬ್ಬರು ಶಂಕಿಸಿ ಮನೆ ಒಡೆದುಕೊಳ್ಳಬಾರದು.

ಹಾಗಾದರೆ ಜೀವಸತ್ವದ ಪಾತ್ರವೇನು? 'ಎ' ಜೀವಸತ್ವ, ಫೋಲೇಟ್ ಇವು ಚರ್ಮಕ್ಕೂ ರೋಗನಿರೋಧಕ ಶಕ್ತಿಗೂ ಬೇಕು. ಇವು ಕಡಿಮೆಯಿದ್ದವರಲ್ಲಿ ವೈರಾಣು ಹೆಚ್ಚು ಕಾಲ ಉಳಿಯುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಮಾತ್ರೆಯಿಂದಲೇ ನರಹುಲಿ ವಾಸಿಯಾಗುವುದೆಂದು ಮಾತ್ರ ರುಜುವಾತಾಗಿಲ್ಲ. ಗೊಬ್ಬರದಿಂದ ರಾಗಿ ಪೈರು ಬಲಿಯುತ್ತದೆ. ಕಳೆಯನ್ನು ಕಿತ್ತೇ ತೆಗೆಯಬೇಕು. ನುಗ್ಗೆಸೊಪ್ಪು, ಪರಂಗಿಹಣ್ಣು, ಬೇಳೆಕಾಳು ದಿನವೂ ತಿನ್ನೋಣ. 'ಎ' ಮಾತ್ರೆ ಮಿತಿಮೀರಿದರೆ ಗರ್ಭದ ಶಿಶುವಿಗೆ ಕೇಡು.

ಎಕ್ಕದ ಹಾಲು, ಸುಣ್ಣ ಹಚ್ಚಿ ಸುಟ್ಟುಕೊಳ್ಳಬೇಡಿ. ಮೊರಪ್ಪೂರಿನವರು ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ, ದಂಪತಿಗಳಿಬ್ಬರೂ ತೋರಿಸಿಕೊಳ್ಳಿ.

ಇದೇ ವೈರಾಣುವಿನ 16, 18ನೇ ಬಗೆಗಳು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತರುತ್ತವೆ. ಈ ನಾಲ್ಕು ಬಗೆಗಳನ್ನೂ ತಡೆಯುವ, ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಬಂದಿದೆ. ಬಂದ ರೋಗವನ್ನು ಅದು ವಾಸಿಮಾಡದು. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಮಕ್ಕಳಿಗೆ ಒಳ್ಳೆಯ ರಕ್ಷಣೆ.